ಆರು ತಿಂಗಳ ಕಾವಲು

ಮಾಯವ್ವ ತನ್ನ ಮೊಮ್ಮಗನನ್ನು ಮೊದಲ ಸಲ ಕಣ್ತುಂಬ ನೋಡಿದ್ದು ಬೆಳಗಾವಿಯ ಆಸ್ಪತ್ರೆಯೊಂದರ ಗಾಜಿನ ಬಾಗಿಲಿನ ಆಚೆಯಿಂದ. ಅದೂ ಬೀಗತಿ ಬಸವಣ್ಣೆವ್ವ ಚಹಾ ಕುಡಿಯಲು ಕೆಳಗಿಳಿದು ಹೋಗಿದ್ದ ಹೊತ್ತಿನಲ್ಲಿ, ಕದ್ದು. ಹುಡುಗನಿಗೆ ಆಗಲೇ ಎರಡು ವರ್ಷ ತುಂಬಿ ಮೇಲಾಗಿತ್ತು. ಸೋಮಲಿಂಗ ಅಂತ ಹೆಸರು. ಆ ಹೆಸರಿಟ್ಟ ದಿನವೂ ಮಾಯವ್ವನನ್ನು ಕರೆದಿರಲಿಲ್ಲ.

ಕರೆಯದೇ ಇರಲು ಕಾರಣವೇನೆಂದು ಎಲ್ಲರಿಗೂ ಗೊತ್ತಿತ್ತು. ಗುಂಜಿ ಊರಿನ ಮಾಯವ್ವ ಇಬ್ಬರು ಗಂಡುಮಕ್ಕಳನ್ನು ಹೆತ್ತು ಇಬ್ಬರನ್ನೂ ಮಣ್ಣಿಗೆ ಕೊಟ್ಟವಳು. ಮೊದಲನೆಯವನು ನಡೆಯಲು ಕಲಿತ ಮೇಲೆ ಹೋದ, ಎರಡನೆಯವನು ಮಾತು ಕಲಿತ ಮೇಲೆ. ಅವರಿಬ್ಬರ ನಡುವೆ ಹುಟ್ಟಿದ ನೀಲಾ ಮಾತ್ರ ಒಂದು ಕೆಮ್ಮೂ ಇಲ್ಲದೆ ಬೆಳೆದಳು. "ಹೆಣ್ಣ ಉಳೀತೈತಿ, ಗಂಡ ಉಳಿಯೂದಿಲ್ಲ. ಅಂದ್ರ ಏನರ್ಥ? ಈಕಿ ಕಣ್ಣಾಗಽ ಏನೋ ಐತಿ" ಎಂದು ಮೊದಲು ಅತ್ತೆ ಅಂದಳು. ಆಮೇಲೆ ಓಣಿ ಅಂದಿತು. ಕಡೆಗೆ ಗಂಡ ಭರಮಣ್ಣನೂ ಅಂದ, ಅಂದು ಸುಮ್ಮನಾಗದೆ ಕಾಂತಾ ಎಂಬವಳನ್ನು ಎರಡನೆಯ ಹೆಂಡತಿಯಾಗಿ ಮನೆಗೆ ತಂದ. ಮಾಯವ್ವ ನೀಲಾಳನ್ನು ಸೊಂಟಕ್ಕೇರಿಸಿಕೊಂಡು ಅದೇ ಊರಿನ ಕಾಡಂಚಿಗೆ ಒಂದು ಹಂಚಿನ ಕೋಣೆ ಹಿಡಿದಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದಳು. ಶಾಲೆಯ ಬಿಸಿಯೂಟಕ್ಕೆ ಅಡುಗೆಯವಳು ಬೇಕೆಂದಾಗ ತಾನು ಬರುತ್ತೇನೆಂದು ಕೇಳಲು ಹೋಗಿದ್ದಳು. "ಸಣ್ಣ ಹುಡುಗ್ರು ಉಣ್ಣೂ ಅನ್ನಕ್ಕ ಆಕಿ ಕೈ ಬ್ಯಾಡ್ರಿ" ಎಂದು ಊರಿನ ಹಿರಿಯ ಬಂಡೆಪ್ಪ ಅವಳ ಎದುರಿಗೇ ಹೇಳಿದ್ದ. ಪಕ್ಕದ ಓಣಿಯವರ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ ಹೇಳಿದ್ದ.

ಮಾಯವ್ವನಿಗೆ ಸಿಟ್ಟು ಬಂದಿರಲಿಲ್ಲವೆಂದಲ್ಲ. ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನುಂಗಿದಳು. ಹೇಳಿದ್ದನ್ನೇ ಹತ್ತು ಮಂದಿ ಹತ್ತು ವರ್ಷ ಹೇಳಿದರೆ ಎಂಥವರಿಗಾದರೂ ಒಳಗೆ ಅಳುಕು ಹುಟ್ಟುತ್ತದೆ. ಅವಳಿಗೂ ಹುಟ್ಟಿತ್ತು. ರೈಲಿನಲ್ಲಿ ಯಾರಾದರೂ ಕೂಸು ಎತ್ತಿಕೊಂಡು ಬಾಜು ಕೂತರೆ ತಾನಾಗಿಯೇ ಮುಖವನ್ನು ಕಿಟಕಿಯ ಕಡೆ ತಿರುಗಿಸುವಳು. ನನ್ನ ಕಣ್ಣು ಆ ಕೂಸಿಗೆ ಬೀಳದಿರಲಿ ಎಂದು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹೆತ್ತಾಗಲೂ ಹಾಗೆಯೇ ಮಾಡಿದಳು. ಬೆಳಗಾವಿ ಹತ್ತಿರದ ಮಚ್ಛೆಯ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಬಾಳೇಶ ಅವಳ ಅಳಿಯ. ಅವನ ಮನೆ ಬಾಗಿಲಿಗೆ ಬಾಣಂತನದ ಸಾಮಾನು ಹೊತ್ತು ಹೋದವಳನ್ನು ಬಸವಣ್ಣೆವ್ವ ಹೊಸ್ತಿಲಲ್ಲೇ ನಿಲ್ಲಿಸಿ, "ಗಂಟು ಇಲ್ಲೇ ಇಟ್ಟ ಹೋಗ್ರಿ, ಬಾಣಂತನಾ ನಾವಽ ಮಾಡ್ತೇವಿ" ಎಂದಾಗ, ಮಾಯವ್ವ ಗಂಟಿಟ್ಟು ತಿರುಗಿ ಬಂದಳು.

ಹೀಗಿರುವಾಗ ಒಂದು ಬೆಳಗ್ಗೆ ಸಸಿಗಳಿಗೆ ನೀರು ಬಿಡುತ್ತಿದ್ದಾಗ ನೀಲಾಳ ಫೋನು ಬಂತು.

"ಅವ್ವಾ, ಸೋಮೂಗ ಮತ್ತ ಅದಽ ಆತು. ಮಿದುಳ ಜ್ವರ. ಕುತ್ತಿಗಿ ಕಟಗಿ ಆದಂಗ ಆಗೇತಿ, ಕಣ್ಣ ಬಿಡವಲ್ಲ. ಯಾರ ಏನರ ಅನ್ಲಿ, ಈ ಸಲ ನೀ ಬಾ."

ಮತ್ತೆ ಅಂದರೆ, ಹಿಂದಿನ ವರ್ಷವೂ ಆಗಿತ್ತು. ಆಗ ಸೇರಿಸಿದ್ದು ಬೇರೆ ಆಸ್ಪತ್ರೆಗೆ. ಅಲ್ಲಿಯ ದೊಡ್ಡ ಡಾಕ್ಟರು ಔಷಧ ಕೊಟ್ಟು ಹುಡುಗನನ್ನು ಉಳಿಸಿದರು, ಅದು ನಿಜ. ಆದರೆ ಮನೆಗೆ ಕಳಿಸುವಾಗ ನೀಲಾಳಿಗೆ ಕೈ ತೊಳೆಯುವುದು ಹೇಗೆ, ಮನೆ ಸ್ವಚ್ಛ ಇಡುವುದು ಹೇಗೆ ಎಂದು ಪಾಠ ಮಾಡಿದರು. ಲಸಿಕೆ ಹಾಕಿಸಿದ್ದರೆ ಇಂಥ ಕಾಯಿಲೆ ಯಾಕೆ ಬರುತ್ತಿತ್ತು ಎಂದರು. "ಎಲ್ಲಾ ಸೂಜಿ ಹಾಕಸೇನ್ರಿ, ಒಂದೂ ಬಿಟ್ಟಿಲ್ಲ" ಎಂದರೆ, "ಹಾಕ್ಸಿದ್ರ ಹೆಂಗ ಬಂತು?" ಎಂದು ಮುಂದಿನ ಪೇಶಂಟನ್ನು ಕರೆದರು. ಬಾಗಿಲ ಹೊರಗೆ ನಿಂತಿದ್ದ ಬಸವಣ್ಣೆವ್ವನಿಗೆ ಅಷ್ಟೇ ಸಾಕಾಗಿತ್ತು. ಸೊಸೆಗೆ ಮಗುವನ್ನು ಜೋಪಾನ ಮಾಡಲು ಬರುವುದಿಲ್ಲ, ತಾಯಿಯ ಗುಣ ಮಗಳಿಗೆ ಬಂದಿದೆ ಎಂದು ಮಚ್ಛೆಯ ಓಣಿಗೆಲ್ಲ ಸಾರಿದಳು.

ಮಾಯವ್ವ ಸಿಕ್ಕ ರೈಲು ಹತ್ತಿ ಬೆಳಗಾವಿಗೆ ಬಂದಳು.

ಗಾಜಿನಾಚೆ ಹುಡುಗ ಬಿಳಿ ಹಾಸಿಗೆಯ ಮೇಲೆ ಮಲಗಿದ್ದ. ಕೈಗೆ ಸಲೈನು, ಮೂಗಿಗೆ ನಳಿಗೆ. ತಲೆ ಹಿಂದಕ್ಕೆ ಸೆಟೆದಿತ್ತು. ಆ ಸೆಟೆದ ಕತ್ತನ್ನು ನೋಡಿದ್ದೇ ಮಾಯವ್ವ ಗಾಜಿಗೆ ಅಂಗೈ ಒತ್ತಿದಳು. ಅಂಥ ಕತ್ತನ್ನು ಅವಳು ಮೊದಲೇ ನೋಡಿದ್ದಳು. ಎರಡು ಸಲ, ತನ್ನ ತೊಡೆಯ ಮೇಲೆ.

"ಬಾಗಲಾ ಬಿಟ್ಟ ಸರೀರಿ, ಬೀಗತ್ಯಾರ."

ಬಸವಣ್ಣೆವ್ವ ಹಿಂದೆ ಬಂದು ನಿಂತಿದ್ದಳು. ಅವಳ ಬಾಜು ಬಾಳೇಶ.

"ನಾ ಏನ ಮಾಡೇನ್ರಿ? ಬರೇ ನೋಡಾಕತ್ತೇನಿ."

"ಆ ನೋಡೂದಽ ಬ್ಯಾಡ. ನೀವು ನೋಡಿದ್ದು ಯಾವುದು ಉಳದೈತಿ?"

ಸಾಯುವ ಕೂಸಿನ ಬಾಗಿಲಲ್ಲಿ ನಿಂತು ಆಡುವ ಮಾತೇ ಅದು! ಮಾಯವ್ವ ಅಳಿಯನ ಕಡೆ ನೋಡಿದಳು. ಅವನು ಫೋನು ನೋಡುತ್ತಿದ್ದ. ಅದರಲ್ಲಿ ಏನೂ ಇರಲಿಲ್ಲ, ಪರದೆ ಕಪ್ಪಾಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಮಕ್ಕಳ ಡಾಕ್ಟರು ಹೊರಗೆ ಬಂದರು. ನೇತ್ರಾ ಅಂತ, ಸದಾಶಿವನಗರದವರು, ಇನ್ನೂ ಚಿಕ್ಕ ವಯಸ್ಸು. ಎರಡು ದಿನದಿಂದ ಮನೆಗೆ ಹೋಗಿಲ್ಲವೇನೋ ಎಂಬಂತೆ ಕಾಣುತ್ತಿದ್ದರು.

"ತಾಯಿ ಕಡಿ ಅಜ್ಜಿ ಬಂದಾರ ಅಂದ್ರಲ್ಲ ನೀಲಾ. ನೀವಽ ಏನು? ಒಳಗ ಬರ್ರಿ, ಕುಂದರ್ರಿ. ನಿಮ್ಮ ಕೂಡ ಮಾತಾಡೂದೈತಿ."

ಬಸವಣ್ಣೆವ್ವನೂ ಹಿಂದೆಯೇ ಹೊರಟಳು. ಡಾಕ್ಟರು "ನೀವು ಆಮ್ಯಾಲ" ಎಂದು ಬಾಗಿಲು ಮುಂದೆ ಮಾಡಿದರು.

ಒಳಗೆ ಒಂದು ಮೇಜು, ಎರಡು ಕುರ್ಚಿ. ಮಾಯವ್ವ ಕುರ್ಚಿಯ ತುದಿಗೆ ಕೂತಳು.

"ನಿಮಗ ಇಬ್ಬರು ಗಂಡ ಹುಡುಗ್ರು ಇದ್ರಂತ, ಹೌದಲ್ರಿ?"

"ನಾ ಏನೂ ಮಾಡಿಲ್ಲರಿ ಬಾಯಾರ!" ಮಾಯವ್ವನ ದನಿ ಏರಿತು. "ಯಾರ ಏನ ಹೇಳ್ಯಾರೋ ನನಗ ಗೊತ್ತಿಲ್ಲ. ನನ್ನ ಹೊಟ್ಟಿ ಮಕ್ಕಳಿಗೆ ನಾ ಯಾಕ…"

"ನೀವು ಏನ ಮಾಡಿದ್ರಿ ಅಂತ ನಾ ಕೇಳಿಲ್ಲಮ್ಮಾ. ಅವರಿಗೆ ಏನ ಆಗಿತ್ತು ಅಂತ ಕೇಳಾಕತ್ತೇನಿ."

ಮಾಯವ್ವ ಡಾಕ್ಟರ ಮುಖ ನೋಡಿದಳು. ಮೂವತ್ತು ವರ್ಷವಾಯಿತು, ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅತ್ತೆ ಕೇಳಲಿಲ್ಲ, ಗಂಡ ಕೇಳಲಿಲ್ಲ, ದೇವರ ಅಂಗಾರ ಹಚ್ಚಿ ಕಳಿಸಿದವರು ಕೇಳಲಿಲ್ಲ. ಖಾನಾಪುರದ ದವಾಖಾನೆಯಲ್ಲಿ ಜ್ವರದ ಗುಳಿಗೆ ಕೊಟ್ಟವರೂ ಕೇಳಲಿಲ್ಲ. ಎಲ್ಲರೂ ಅವಳು ಏನು ಮಾಡಿದಳೆಂದೇ ಕೇಳಿದ್ದರು.

ಅವಳು ಹೇಳಿದಳು. ಮೊದಮೊದಲು ತುಂಡು ತುಂಡಾಗಿ, ಆಮೇಲೆ ತಡೆಯಿಲ್ಲದೆ. ಅಂಬೆಗಾಲಿಡುವ ಹೊತ್ತಿಗೆ ಕಿವಿ ಸೋರಲು ಶುರುವಾದದ್ದು, ಎಣ್ಣೆ ಬಿಟ್ಟರೂ ನಿಲ್ಲದ್ದು. ಎದೆ ಕಟ್ಟಿ ಕೆಮ್ಮು, ಒಂದು ಹೋಗುವುದರೊಳಗೆ ಇನ್ನೊಂದು. ಕಡೆಗೆ ಬಂದ ಜ್ವರ, ಬೆಳಕು ನೋಡಿದರೆ ಚೀರುವುದು, ವಾಂತಿ, ಆಮೇಲೆ ಕತ್ತು ಹಿಂದಕ್ಕೆ ಸೆಟೆದು ಮೈಯೆಲ್ಲ ಬಿಲ್ಲಿನಂತಾದದ್ದು.

"ಇಬ್ಬರಿಗೂ ಹಿಂಗಽ?"

"ಹಿಂಗಽ ರೀ."

"ಹುಟ್ಟಿದಾಗ ಹೆಂಗಿದ್ರು?"

"ಏನ ಹೇಳ್ಲಿರಿ! ಅಂಥಾ ಕೂಸು ಓಣ್ಯಾಗ ಇರಲಿಲ್ಲ. ಆರು ತಿಂಗಳ ಆಗೂತನಾ ಒಂದ ನೆಗಡಿ ಸುದ್ದಾ ಇಲ್ಲ. ಅದಕಽ ಅಂದ್ರು ಅವರು, ಛೊಲೋ ಇದ್ದ ಕೂಸಿಗೆ ತಾಯಿ ಕಣ್ಣಽ ಬಿತ್ತು ಅಂತ."

ನೇತ್ರಾ ಪೆನ್ನು ಕೆಳಗಿಟ್ಟರು. "ನಿಮ್ಮ ಅಣ್ಣತಮ್ಮಂದ್ರಾಗ?"

ಮಾಯವ್ವನಿಗೆ ಒಬ್ಬ ತಮ್ಮನಿದ್ದನಂತೆ, ಅವಳಿಗೆ ನೆನಪಿಲ್ಲದ ವಯಸ್ಸಿನಲ್ಲೇ ಹೋದನಂತೆ. ಅವಳ ತಾಯಿ ಅವನ ಹೆಸರನ್ನು ಎಂದೂ ಎತ್ತುತ್ತಿರಲಿಲ್ಲ. ಯಾಕೆ ಎತ್ತುತ್ತಿರಲಿಲ್ಲವೆಂಬುದು ಆ ಕುರ್ಚಿಯ ಮೇಲೆ ಕೂತಾಗ ಮಾಯವ್ವನಿಗೆ ಮೊದಲ ಸಲ ಹೊಳೆಯಿತು. ತಾಯಿಗೂ ಇದೇ ಕಣ್ಣಿನ ಮಾತು ಬಿದ್ದಿರಬೇಕು.

ಅಂದೇ ಸೋಮಲಿಂಗನ ರಕ್ತ ತೆಗೆದು ವಿಶೇಷ ತಪಾಸಣೆಗೆ ಕಳಿಸಿದರು. ವರದಿ ಬರುವಷ್ಟರಲ್ಲಿ ಔಷಧ ಹಿಡಿಯಿತು, ಜ್ವರ ಇಳಿಯಿತು, ಹುಡುಗ ಕಣ್ಣು ಬಿಟ್ಟು ನೀರು ಕೇಳಿದ. ಆಮೇಲೆ ಒಂದು ಮಧ್ಯಾಹ್ನ ನೇತ್ರಾ ಎಲ್ಲರನ್ನೂ ಕರೆದು ಕೂರಿಸಿದರು. ನೀಲಾ, ಬಾಳೇಶ, ಬಸವಣ್ಣೆವ್ವ. ಮಾಯವ್ವ ಗೋಡೆಗೊರಗಿ ನಿಂತಳು.

"ನೋಡ್ರಿ, ಈ ರೋಗ ತರೂ ಬ್ಯಾಕ್ಟೀರಿಯಾ ನಮ್ಮೆಲ್ಲರ ಮೂಗಿನಾಗ, ಗಂಟಲದಾಗ ಆಗಾಗ ಬಂದು ಹೋಗ್ತಿರತದ. ಅದರ ಮೈಮ್ಯಾಲ ಜಾರೂ ಅಂಥಾ ಒಂದು ಹೊದಿಕಿ ಇರತದ. ನಮ್ಮ ರಕ್ತದಾಗಿನ ಬಿಳೀ ಕಣ ಅದನ್ನ ಹಿಡದು ನುಂಗಾಕ ಹೋದ್ರ ಹಿಡಿತಕ್ಕ ಸಿಗೂದಿಲ್ಲ. ಅದಕ್ಕಽ ನಮ್ಮ ಮೈ ಪ್ರತಿಕಾಯ ಅಂತ ತಯಾರ ಮಾಡತದ. ಅವು ಹೋಗಿ ಆ ಹೊದಿಕಿಗೆ ಅಂಟಕೋತಾವ. ಅಂಟಕೊಂಡ್ರ ಸಾಕು, ಬಿಳೀ ಕಣಕ್ಕ ಹಿಡಿತ ಸಿಗತದ. ರಕ್ತದಾಗಽ ಅದರ ಕೆಲಸ ಮುಗೀತದ, ಮಿದುಳಿನ ತನಕಾ ಹೋಗಾಕಽ ಬಿಡೂದಿಲ್ಲ."

"ಹೊಳಿ ಮೀನ ಹಿಡಿಯೂ ಮುಂದ ಕೈಗೆ ಬೂದಿ ಹಚಗೋತೇವಲ್ರಿ, ಹಂಗೇನು?" ಮಾಯವ್ವ ಕೇಳಿದಳು.

"ಬರೋಬ್ಬರಿ ಹಂಗಽ. ಸೋಮೂನ ಮೈಯಾಗ ಆ ಬೂದಿನಽ ಇಲ್ಲ. ಪ್ರತಿಕಾಯ ತಯಾರ ಮಾಡೂ ಕಣಗಳು ಅವನಿಗೆ ಹುಟ್ಟಿನಿಂದಽ ಇಲ್ಲ."

"ಮತ್ತ ಸೂಜಿ?" ನೀಲಾ ಕೇಳಿದಳು. "ಎಲ್ಲಾ ಹಾಕಸೇನಲ್ರಿ."

"ಹಾಕಸೀರಿ. ಲಸಿಕಿ ಅಂದ್ರ ಮೈಗೆ ಆ ರೋಗದ ಗುರುತು ಹೇಳಿಕೊಡೂದು, ಇದನ್ನ ನೋಡಿ ಪ್ರತಿಕಾಯ ಮಾಡಿ ಇಟ್ಕೋ ಅಂತ. ಮಾಡಾವ್ರಽ ಇಲ್ಲಂದ್ರ ಲಸಿಕಿ ಏನ ಮಾಡೀತು? ನಿಮ್ಮ ಕಡಿಂದ ಒಂದೂ ತಪ್ಪಾಗಿಲ್ಲ, ನೀಲಾ."

ನೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದು ವರ್ಷದಿಂದ ಅವಳು ದಿನಕ್ಕೆ ಎಷ್ಟು ಸಲ ಕೈ ತೊಳೆದುಕೊಂಡಿದ್ದಳೋ, ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಆ ಕೈಗಳನ್ನು ಮಾಯವ್ವ ಈಗ ನೋಡಿದಳು.

ಇದು ವಂಶದಲ್ಲಿ ಇಳಿದು ಬರುವ ದೋಷ, ಎಂದರು ನೇತ್ರಾ. ತಾಯಿಯ ಮೂಲಕ ಬರುತ್ತದೆ, ಆದರೆ ಹೆಣ್ಣುಮಕ್ಕಳಿಗೆ ಕಾಯಿಲೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಗಂಡುಮಕ್ಕಳಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಇನ್ನೂ ಹೇಳುವವರಿದ್ದರು, ಬಸವಣ್ಣೆವ್ವ ಬಿಡಲಿಲ್ಲ.

"ಅಂದ್ರ ನಾ ಹೇಳಿದ್ದಽ ಖರೇ ಆತಲ್ರಿ ಬಾಯಾರ! ಈಕಿ ಕಡಿಂದಽ ಬಂತಲ್ಲ! ಈಕಿ ಮಕ್ಕಳನ್ನ ತಿಂದ್ಲು, ಈಗ ಮಗಳ ಕೈಲೆ ನಮ್ಮ ವಂಶಕ್ಕೂ…"

ಮಾಯವ್ವನ ಬೆನ್ನು ಗೋಡೆಯಿಂದ ಜಾರಿತು. ಅವಳು ನೆಲಕ್ಕೆ ಕೂತಳು. ಇಷ್ಟು ವರ್ಷ ಅಳುಕಿದ್ದು, ಮುಖ ತಿರುಗಿಸಿದ್ದು, ಎಲ್ಲ ಸರಿಯೇ ಇತ್ತೇ ಹಾಗಾದರೆ?

"ಸುಮ್ನಿರ್ರಿ!" ಎಂದು ನೇತ್ರಾ ಗದರಿದ್ದು ಹೊರಗಿನ ನರ್ಸಿಗೂ ಕೇಳಿಸಿತು. ಅವರು ಎದ್ದು ಬಂದು ಮಾಯವ್ವನ ಎದುರಿಗೆ ಕೂತರು, ನೆಲದ ಮೇಲೆಯೇ.

"ಅಮ್ಮಾ, ನನ್ನ ಮಾತ ಕೇಳ್ರಿ. ಇದು ನಿಮ್ಮ ಮೂಲಕ ಬಂದಿರಬಹುದು, ನೀವು ಮಾಡಿದ್ದಲ್ಲ. ನಿಮ್ಮ ಮಕ್ಕಳು ಆರು ತಿಂಗಳ ತನಕಾ ಗುಂಡಕಲ್ಲಿನಂಗ ಇದ್ರು ಅಂದ್ರಲ್ಲ, ಯಾಕ ಇದ್ರು ಗೊತ್ತೇನು? ಕೂಸು ಹೊಟ್ಟ್ಯಾಗ ಇದ್ದಾಗಽ ತಾಯಿ ತನ್ನ ಪ್ರತಿಕಾಯನ ಅದಕ್ಕ ದಾಟಸ್ತಾಳ. ಹುಟ್ಟಿದ ಮ್ಯಾಲ ಒಂದಾರು ತಿಂಗಳ ಅವು ಕಾಯತಾವ, ಆಮ್ಯಾಲ ಕರಗಿ ಹೋಗತಾವ. ಬ್ಯಾರೇ ಮಕ್ಕಳು ಅಷ್ಟರಾಗ ತಮ್ಮವು ತಾವು ಮಾಡ್ಕೋತಾವ. ನಿಮ್ಮ ಹುಡುಗ್ರಿಗೆ ಮಾಡ್ಕೊಳ್ಳಾಕ ಬರ್ತಿರಲಿಲ್ಲ. ಅವರ ಮೈಯಾಗ ಇದ್ದದ್ದು ನೀವು ಕೊಟ್ಟಿದ್ದಷ್ಟಽ. ಅದು ಇರೂತನಾ ಅವರು ಉಳದ್ರು. ನಿಮ್ಮ ಕಣ್ಣು ತಾಗಿ ಹೋದದ್ದಲ್ಲಮ್ಮಾ. ನೀವು ಕೊಟ್ಟದ್ದು ಮುಗದ ಮ್ಯಾಲ ಹೋದ್ರು."



ಮಾಯವ್ವನಿಗೆ ಅಳು ಬರಬಹುದೆಂದು ನೀಲಾ ಓಡಿ ಬಂದು ಅವಳ ಭುಜ ಹಿಡಿದಳು. ಬಂದದ್ದು ಅಳುವಲ್ಲ. ಇಷ್ಟು ವರ್ಷ ನುಂಗಿದ ಸಿಟ್ಟೆಲ್ಲ ಒಮ್ಮೆಗೇ ಮೇಲೆ ಬಂತು. ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಈಗ ಇರಲಿಲ್ಲ.

ಅದೇ ಹೊತ್ತಿಗೆ ಬಸವಣ್ಣೆವ್ವ ಮಗನ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವಂತೆ, "ಇನ್ನೊಂದ ಮದವಿ ಆಗೂದ ಛೊಲೋ" ಎಂದಳು.

ಮಾಯವ್ವ ಎದ್ದು ನಿಂತಳು.

"ಬೀಗತ್ಯಾರ, ಆ ಮಾತ ನಾ ಒಮ್ಮೆ ಕೇಳೇನಿ. ಆಗ ನನಗ ಇಪ್ಪತ್ತೈದರ ಆಸುಪಾಸು, ಬಾಯಿ ಇರಲಿಲ್ಲ. ಈಗ ಐತಿ. ನನ್ನ ಮಗಳು ಕೈ ಬಿರಿಯೂತನಾ ತೊಳದಾಳ, ನೋಡ್ರಿ ಆ ಕೈ. ಎರಡ ಸಲ ಸಾವಿನ ಬಾಯಾಗಿಂದ ಮಗನ್ನ ಹೊತ್ಗೊಂಡ ದವಾಖಾನಿಗೆ ಓಡ್ಯಾಳ. ನೀವು ಓಣ್ಯಾಗ ಕುಂತ ಆಕಿ ಹೆಸರ ಕೆಡಿಸೀರಿ. ಕೂಸು ಉಳೀಲಿ ಅಂತ ನೀವು ಏನ ಮಾಡೀರಿ, ಒಂದ ಹೇಳ್ರಿ? ನನ್ನ ಬಾಗಲಾ ಬಿಟ್ಟ ಸರಸಿದ್ದು ಬಿಟ್ರ?"

ಬಸವಣ್ಣೆವ್ವ ಮಗನ ತೋಳು ಹಿಡಿದಳು.

"ಬಾಳೇಶಪ್ಪಾ, ಫೋನ ಕಿಸೇದಾಗ ಇಡು. ನಿನ್ನ ಹೆಂಡ್ತಿ ಬಗ್ಗೆ ಮಾತ ನಡದೈತಿ. ನಿನಗೂ ಒಂದ ಬಾಯಿ ಐತಿ, ಹೌದಿಲ್ಲೋ?"

ಬಾಳೇಶ ಕೆಂಪಗಾದ. ಒಂದು ಗಳಿಗೆ ತಾಯಿಯ ಮುಖ ನೋಡಿದ, ಒಂದು ಗಳಿಗೆ ನೀಲಾಳ ಕೈ. "ಅವ್ವಾ, ಸಾಕ ಮಾಡು," ಎಂದ ಕಡೆಗೆ. "ಇನ್ನೊಮ್ಮೆ ಮದವಿ ಮಾತ ತಗೀಬ್ಯಾಡ." ಇಷ್ಟು ಹೇಳಲು ಅವನಿಗೆ ಇಷ್ಟು ಹೊತ್ತು ಬೇಕಾಯಿತೇ ಎಂದು ಮಾಯವ್ವನಿಗೆ ಮತ್ತೆ ಸಿಟ್ಟು ಬಂತು. ಆದರೂ ಹೇಳಿದನಲ್ಲ. ಭರಮಣ್ಣ ಅದನ್ನೂ ಹೇಳಿರಲಿಲ್ಲ.

ಇದಕ್ಕೆ ಉಪಾಯವಿದೆ ಎಂದು ನೇತ್ರಾ ಆಮೇಲೆ ವಿವರಿಸಿದರು. ಅವನ ಮೈ ಮಾಡಲಾರದ ಪ್ರತಿಕಾಯವನ್ನು ತಿಂಗಳಿಗೊಮ್ಮೆ ಹೊರಗಿನಿಂದ ನರಕ್ಕೆ ಬಿಡುವುದು. ಬದುಕಿರುವ ತನಕ ಬಿಡಬೇಕು, ತಪ್ಪಿಸುವಂತಿಲ್ಲ. ಸರ್ಕಾರದ ನೆರವು ಕೇಳುವ ಓಡಾಟ ತನಗೆ ಬಿಡಿ ಎಂದರು. "ನಿಮ್ಮ ಮಕ್ಕಳ ಕಾಲಕ್ಕ ಇದು ಇಲ್ಲಿ ಸಿಗತಿತ್ತೋ ಇಲ್ಲೋ, ಹೇಳಾಕ ಆಗೂದಿಲ್ಲ" ಎಂದು ಮಾಯವ್ವನಿಗೆ ಮರೆಮಾಚದೆ ಹೇಳಿದರು. ಮಾಯವ್ವ ತಲೆಯಾಡಿಸಿದಳು. ಸಿಗದಿದ್ದದ್ದಕ್ಕೆ ಅವಳ ಸಿಟ್ಟಿರಲಿಲ್ಲ.

ಅವಳು ಗುಂಜಿಗೆ ಮರಳಿದ ದಿನ ಭರಮಣ್ಣನ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಕಾಂತಾಳ ಮಗಳು ಗಂಡು ಹೆತ್ತಿದ್ದಳು. ಅಂಗಳದಲ್ಲಿ ಪೆಂಡಾಲು, ಹುಗ್ಗಿಯ ವಾಸನೆ, ಸ್ಟೇಷನ್ನಿನ ತನಕ ಕೇಳುವ ಸ್ಪೀಕರು. ಮಾಯವ್ವ ಕೈಚೀಲ ಹಿಡಿದುಕೊಂಡೇ ನೇರ ಆ ಅಂಗಳಕ್ಕೆ ನಡೆದಳು. ಆ ಹೊಸ್ತಿಲನ್ನು ಬಿಟ್ಟು ಹೋದ ಮೇಲೆ ಇದೇ ಮೊದಲು ಅವಳು ಇತ್ತ ಕಾಲಿಟ್ಟದ್ದು.

ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ಯಾರೋ ಥಟ್ಟನೆ ತೊಟ್ಟಿಲ ಮೇಲೆ ಸೀರೆ ಎಳೆದರು.

"ಮುಚ್ಚಬ್ಯಾಡ್ರಿ, ಕೂಸಿಗೆ ಸೆಕಿ ಆಗತೈತಿ," ಎಂದಳು ಮಾಯವ್ವ. "ನಾ ಅದನ್ನ ನೋಡಾಕ ಬಂದಿಲ್ಲ. ಭರಮಣ್ಣನ್ನ ನೋಡಾಕ ಬಂದೇನಿ."

ಗಂಡನ ಹೆಸರನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಆಡಿರಲಿಲ್ಲ. ಭರಮಣ್ಣ ಕಂಬದ ಹತ್ತಿರ ಕೂತಿದ್ದವನು ಎದ್ದ. ಕೂದಲು ನರೆತಿತ್ತು, ಬೆನ್ನು ಬಾಗಿತ್ತು.

ಅವಳು ನಿಂತಲ್ಲಿಂದಲೇ ಹೇಳಿದಳು. ಮೊಮ್ಮಗನಿಗೆ ಆದದ್ದು, ರಕ್ತದ ತಪಾಸಣೆಯಲ್ಲಿ ಕಂಡದ್ದು, ತನ್ನ ಇಬ್ಬರಿಗೂ ಅದೇ ಆಗಿದ್ದಿರಬೇಕೆಂದು ಡಾಕ್ಟರು ಅಂದದ್ದು. ಅದು ಕಣ್ಣಿನದಲ್ಲ, ಕಾಲ್ಗುಣದ್ದಲ್ಲ, ರಕ್ತದಲ್ಲಿನ ಕೊರತೆ. ಮೊದಲ ಆರು ತಿಂಗಳು ಅವರು ಗಟ್ಟಿಯಾಗಿದ್ದದ್ದೇ ತಾಯಿ ಕೊಟ್ಟ ಕಾವಲಿನಿಂದ.

ಭರಮಣ್ಣ ಕೆಮ್ಮಿದ. "ಆದದ್ದ ಆತು. ಈಗ್ಯಾಕ ಅದೆಲ್ಲಾ, ನಾಕ ಮಂದಿ ಮುಂದ? ಕುಂದರು, ಉಂಡ ಹೋಗು."

"ನಾಕ ಮಂದಿ ಮುಂದ ಅಂದಿದ್ದಿ ನೀ. ನಾಕ ಮಂದಿ ಮುಂದನಽ ಕೇಳಬೇಕು. ಎರಡನೇ ಹುಡುಗನ್ನ ಮಣ್ಣ ಮಾಡಿ ಬಂದ ದಿನಾ, ಇದಽ ಅಂಗಳದಾಗ ನಿಂತು ನನಗ ಏನಂದಿ? ನೆನಪೈತೇನು?"

ಭರಮಣ್ಣ ಕಂಬದ ಕಡೆ ಸರಿದ.

"ಹೋಗ್ಲಿ ಬಿಡ ಮಾಯವ್ವ," ಎಂದು ಬಂಡೆಪ್ಪ ನಡುವೆ ಬಂದ. ಈಗ ಅವನಿಗೆ ಕೋಲು ಬೇಕಾಗಿತ್ತು, ದನಿ ಮಾತ್ರ ಹಳೆಯದೇ. "ಆಗಿನ ಕಾಲಕ್ಕ ಇದೆಲ್ಲಾ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತು ಯಜಮಾನ್ರ! ನೀವು ಗೊತ್ತಿಲ್ಲ ಅನಲಿಲ್ಲ. ಗೊತ್ತೈತಿ ಅಂದ್ರಿ. ಮಾಯವ್ವನ ಕಣ್ಣಽ ಅಂತ ಗೊತ್ತೈತಿ, ಮಾಯವ್ವನ ಕೈ ಅಂತ ಗೊತ್ತೈತಿ ಅಂದ್ರಿ. ಸಾಲಿ ಹುಡುಗ್ರಿಗೆ ಒಂದ ಮುಟಗಿ ಅನ್ನ ಬೇಸಿ ಹಾಕಗೊಡಲಿಲ್ಲ ನನಗ. ಎರಡ ಹೆಣಾ ಎತ್ತಿದಾಕಿಗೆ ಒಬ್ಬರರ ಬಂದು, ಏನಾಗಿತ್ತವ್ವಾ ನಿನ್ನ ಮಕ್ಕಳಿಗೆ ಅಂತ ಕೇಳಿದ್ರೇನು? ಈ ಊರಾಗ ಒಬ್ಬರರ?"

ಒಬ್ಬ ಹೆಂಗಸು ತಟ್ಟೆಯಲ್ಲಿ ಹುಗ್ಗಿ ತಂದು, "ಕುಂದರ್ರಿ, ಸಿಟ್ಟ ಇಳಸ್ರಿ" ಎಂದಳು. ಒಂದು ತಟ್ಟೆ ಹುಗ್ಗಿ ಕೊಟ್ಟರೆ ಮುಗಿದುಹೋಗುವ ಲೆಕ್ಕವೆಂದು ಇವರು ತಿಳಿದಿದ್ದಾರೆ! ಮಾಯವ್ವ ಆ ತಟ್ಟೆಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. "ನಿಮ್ಮ ಮನ್ಯಾಗ ನಾ ಉಣ್ಣೂದಿಲ್ಲ" ಎಂದು ಹೊರಟಳು.

ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯಿಲ್ಲದ ಕಾಲಿನ ಸಪ್ಪಳ ಕೇಳಿಸಿತು. ಕಾಂತಾ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನಿಂದ್ರು. ಒಂದ ಕೇಳೂದಿತ್ತು. ಅದು… ಆ ರೋಗ, ನನ್ನ ಮೊಮ್ಮಗಗೂ ಬರತೈತೇನು?"

ಅವಳ ಮುಖದಲ್ಲಿದ್ದ ಹೆದರಿಕೆಯನ್ನು ಮಾಯವ್ವ ನೋಡಿದಳು. ಆ ಹೆದರಿಕೆಯನ್ನು ಒಂದೇ ಒಂದು ದಿನ ಹಾಗೆಯೇ ಬಿಟ್ಟು ಹೋಗುವುದು ಎಷ್ಟು ಸುಲಭವಿತ್ತು! "ಯಾರಿಗೆ ಗೊತ್ತು" ಅಂದರೆ ಸಾಕಿತ್ತು. ಆ ಮನೆಯವರು ರಾತ್ರಿಯೆಲ್ಲ ಕೂಸಿನ ಕತ್ತು ಮುಟ್ಟಿ ನೋಡುತ್ತ ಕೂರುತ್ತಿದ್ದರು. ಸತ್ಯ ಹೇಳಿದರೋ, ದೋಷ ಬಂದದ್ದು ಮಾಯವ್ವನ ಕಡೆಯಿಂದಲೇ ಎಂದು ಊರಿಗೆ ಮತ್ತೆ ಒಂದು ಮಾತು ಸಿಗುತ್ತಿತ್ತು.

"ಬರೂದಿಲ್ಲ," ಎಂದಳು ಮಾಯವ್ವ. "ಅದು ನನ್ನ ಕಡಿಂದ ಇಳದದ್ದು, ಅಂವನ ಕಡಿಂದಲ್ಲ. ನಿನ್ನ ಮಗಳಿಗೆ, ಮೊಮ್ಮಗಗ ಅದರ ಸಂಬಂಧ ಇಲ್ಲ. ಆದ್ರ ಸೂಜಿ ತಪ್ಪಸಬ್ಯಾಡ್ರಿ. ನಿಮ್ಮ ಕೂಸಿಗೆ ಅವು ಹತ್ತತಾವ."

ಕಾಂತಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಾನೂ ಅಂದಿದ್ನೆಕ್ಕಾ. ಎಲ್ಲಾರ ಕೂಡ ನಾನೂ ನಿನಗ ಅಂದಿದ್ದೆ," ಎಂದಳು.

"ಅಂದಿದ್ದಿ. ನನಗ ಗೊತ್ತೈತಿ."

ಮಾಯವ್ವ ತನ್ನ ಕೋಣೆಯ ದಾರಿ ಹಿಡಿದಳು. ಮಾಫು ಮಾಡಿದೆ ಅನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ, ಬರಿಸಿಕೊಳ್ಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ.

ಸೋಮಲಿಂಗ ಉಳಿದ. ಪೂರ್ತಿ ಉಳಿದ ಎನ್ನುವಂತಿಲ್ಲ. ಎರಡನೆಯ ಸಲದ ಜ್ವರ ಎಡಗಿವಿಯ ಕೇಳುವ ಶಕ್ತಿಯನ್ನು ಕಿತ್ತುಕೊಂಡು ಹೋಗಿತ್ತು. ಇದು ತಿಳಿದ ದಿನ ನೀಲಾ ಯಾರಿಗೂ ಹೇಳದೆ ಮೊದಲಿನ ಆಸ್ಪತ್ರೆಗೆ ಹೋಗಿ ಆ ದೊಡ್ಡ ಡಾಕ್ಟರ ಎದುರು ಮಗನನ್ನು ನಿಲ್ಲಿಸಿದಳು. "ಕೈ ತೊಳೀರಿ ಅಂದ್ರಿ. ರಕ್ತಾ ಒಮ್ಮೆ ತಪಾಸ ಮಾಡ್ರಿ ಅಂತ ಅನಲಿಲ್ಲ. ಎಲ್ಲಾ ಸೂಜಿ ಹಾಕಸೇನಿ ಅಂತ ನಾ ಹೇಳಿದ್ದು ನೀವು ನಂಬಿದ್ರ, ಇವನ ಕಿವಿ ಉಳೀತಿತ್ತು" ಎಂದಳು. ಅವರು ಇಂಥ ಕೇಸು ಬಹಳ ಅಪರೂಪವೆಂದರು. ಅಪರೂಪವೇ ಇರಬಹುದು, ಆದರೆ ಹೆತ್ತವಳ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ಅಪರೂಪವಲ್ಲವಲ್ಲ, ಎಂದು ಮಾಯವ್ವ ಈ ಸುದ್ದಿ ಕೇಳಿದಾಗ ಕುದಿದಳು.

ಬಸವಣ್ಣೆವ್ವ ಬದಲಾದಳೆಂದು ಹೇಳಿದರೆ ಸುಳ್ಳಾದೀತು. ಈಗ ಮಾಯವ್ವ ಬಂದರೆ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ, ಅಷ್ಟೇ. ಎದ್ದು ಪಕ್ಕದ ಮನೆಗೆ ಹೋಗಿ ಕೂರುತ್ತಾಳೆ. ಬಾಳೇಶ ತಿಂಗಳ ಸಲೈನಿನ ದಿನ ಫೌಂಡ್ರಿಗೆ ರಜೆ ಹಾಕಿ ಮಗನನ್ನು ತಾನೇ ಕರೆತರುತ್ತಾನೆ. ಅತ್ತೆಯನ್ನು ಸ್ಟೇಷನ್ನಿನಿಂದ ಗಾಡಿಯಲ್ಲಿ ಕರೆತರುವುದನ್ನೂ ಕಲಿತಿದ್ದಾನೆ.

ಒಂದು ಸಲ ತೂಗುಹಾಕಿದ ಬಾಟಲಿಯನ್ನು ತೋರಿಸಿ ಮಾಯವ್ವ ನೇತ್ರಾರನ್ನು ಕೇಳಿದಳು. "ಇದು ಯಾರದರಿ ಬಾಯಾರ?"

"ಸಾವಿರಾರು ಮಂದೀದು. ಅವರ ರಕ್ತದಾಗಿನ ಪ್ರತಿಕಾಯ ಸೋಸಿ, ಕೂಡಿಸಿ ಮಾಡಿದ್ದು."

"ಅವರ ಪೈಕಿ ಯಾರರ ಇವನ್ನ ನೋಡ್ಯಾರೇನು?"

"ಯಾರೂ ನೋಡಿಲ್ಲ."

ಮಾಯವ್ವ ಆ ಹನಿಗಳನ್ನು ನೋಡುತ್ತ ಕೂತಳು. ಮುಖ ಕಾಣದವರು ಇಷ್ಟು ಕೊಟ್ಟರು. ಮುಖ ಕಂಡವರು, ಒಂದೇ ಅಂಗಳದಲ್ಲಿ ಉಂಡವರು, ಒಂದು ಪ್ರಶ್ನೆಯನ್ನೂ ಕೊಡಲಿಲ್ಲ. ಆ ಸಿಟ್ಟು ಆರಿಲ್ಲ. ಆರಬೇಕೆಂದು ಅವಳಿಗೆ ಅನ್ನಿಸಿಯೂ ಇಲ್ಲ.

ಸೋಮಲಿಂಗ ಮಲಗಿದಲ್ಲಿಂದ "ಆಯೀ, ನೀರು" ಎಂದು ಅಜ್ಜಿಯನ್ನು ಕರೆದ. ಅವಳು ಅವನ ಬಲಗಡೆಗೆ ಸರಿದು ಕೂತಳು, ಆ ಕಡೆಯಿಂದ ಹೇಳಿದರೆ ಅವನಿಗೆ ಸರಿಯಾಗಿ ಕೇಳಿಸುತ್ತದೆ. ಲೋಟ ಅವನ ಬಾಯಿಗೆ ಹಿಡಿದು, ಅವನು ಕುಡಿಯುವಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿದ್ದಳು.